ಕುಡುಕನೂ ಕುಡಿತದ ಚಟವೂ: ವ್ಯಸನವಾಚಿ ಪದಗಳ ವಿವರಣೆಯಲ್ಲಿನ ಒಂದು ಕೊರತೆ

ಯಾವುದಾದರೊಂದರಲ್ಲಿ ತೀವ್ರ ಆಸಕ್ತಿಯುಳ್ಳವರನ್ನೂ ವ್ಯಸನಕ್ಕೆ ಒಳಗಾದವರನ್ನೂ ಹೆಸರಿಸುವ ಪದಗಳಲ್ಲಿ ಬಹುಪಾಲನ್ನು ನಮ್ಮ ವ್ಯಾಕರಣಗಳು ತದ್ಧಿತದ ಅಡಿಯಲ್ಲಿ ತಂದಿವೆ. ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾ ವ್ಯಾಕರಣಗಳವರೆಗೆ ಕ್ರಮ ಸ್ಥೂಲವಾಗಿ ಒಂದೇ: ಗಾರ, ಇಗ, ಆಳಿ ಮೊದಲಾದ ಪ್ರತ್ಯಯಗಳನ್ನು ಪಟ್ಟಿಮಾಡಿ, ಅದನ್ನು ಉಳ್ಳವನು, ಅದನ್ನು ಮಾಡುವವನು ಎಂದು ಅರ್ಥ ಹೇಳುವುದು. ಈ ಕ್ರಮವು ರೂಪವನ್ನು ಸರಿಯಾಗಿ ಗುರುತಿಸುತ್ತದೆ. ಆದರೆ ಆಡುವವನ ನಿಲುವನ್ನು ವಿವರಣೆಯಿಂದ ಹೊರಗಿಡುತ್ತದೆ ಎಂಬುದು ನಮ್ಮ ಆಕ್ಷೇಪ.

‘ಮಾತುಗಾರ’, ‘ಮಾತಾಳಿ’ ಎಂಬೆರಡನ್ನು ಗಮನಿಸೋಣ. ಪ್ರಕೃತಿ ಒಂದೇ. ಆದರೆ ಮೊದಲನೆಯದು ಕೌಶಲವನ್ನು ಮೆಚ್ಚುತ್ತದೆ, ಎರಡನೆಯದು ಅತಿಯನ್ನು ಎಣಿಸುತ್ತದೆ. ಇವುಗಳ ಪಕ್ಕದಲ್ಲಿರುವ ‘ಬಾಯಿಬಡುಕ’ ನೇರವಾಗಿ ಹಳಿಯುತ್ತದೆ. ಪಟ್ಟಿಯ ಅರ್ಥವಿವರಣೆಯಿಂದ ಈ ಏರಿಳಿತ ದೊರಕುವುದಿಲ್ಲ.

ಹಳಿಯುವ ಅರ್ಥವು ಪ್ರಕೃತಿಯದೇ ಹೊರತು ಪ್ರತ್ಯಯದ್ದಲ್ಲ ಎಂದು ವಾದಿಸಬಹುದು. ‘-ಗಾರ’ದ ಮಟ್ಟಿಗೆ ಇದು ನಿಜ: ‘ಹಾಡುಗಾರ’, ‘ಮೋಸಗಾರ’ ಎರಡೂ ತಮ್ಮ ಬೆಲೆಯನ್ನು ಪ್ರಕೃತಿಯಿಂದಲೇ ಪಡೆಯುತ್ತವೆ. ತಿನ್ನು ಎಂಬ ಅರ್ಥದ ಪಾರಸಿ ಧಾತುವಿನಿಂದ ಬಂದ ‘-ಕೋರ’ದ ಸಂಗತಿ ಬೇರೆ. ‘ಲಂಚಕೋರ’, ‘ಚಾಡಿಕೋರ’ಗಳಲ್ಲಿ ಪ್ರಕೃತಿಯೇ ಕೆಟ್ಟದಾದ್ದರಿಂದ ಏನೂ ತೀರ್ಮಾನವಾಗದು. ಆದರೆ ಲಾಭ ಕೆಟ್ಟದಲ್ಲ, ‘ಲಾಭಕೋರ’ ಕೆಟ್ಟವನು. ಇಲ್ಲಿ ನಿಂದೆಯನ್ನು ತಂದದ್ದು ಪ್ರತ್ಯಯವೇ. *‘ಸಂಗೀತಕೋರ’ ಎಂಬ ಪದ ಹಾಸ್ಯಕ್ಕಲ್ಲದೆ ಹುಟ್ಟದಿರುವುದಕ್ಕೂ ಇದೇ ಕಾರಣ. ಆ ಸ್ಥಾನವನ್ನು ‘ಸಂಗೀತಪ್ರಿಯ’, ‘ಸಂಗೀತಪ್ರೇಮಿ’ಗಳು ತುಂಬಿವೆ.

ಈ ನಿಲುವನ್ನು ಪರೀಕ್ಷಿಸಲು ಗೌರವಾರ್ಥದ ಬಹುವಚನವು ಒಳ್ಳೆಯ ಸಾಧನ. ನಮ್ಮ ಭಾಷಿಕ ಅರಿವಿನಂತೆ, ಒಬ್ಬರೇ ಗುರುಗಳನ್ನು ಕುರಿತು:

(1) ಮೇಷ್ಟ್ರು ಒಳ್ಳೆಯ ಮಾತುಗಾರರು.
(2) ?ಮೇಷ್ಟ್ರು ಕುಡುಕರು.
(3) ಮೇಷ್ಟ್ರಿಗೆ ಕುಡಿತದ ಚಟ ಇತ್ತು.

(2) ವ್ಯಂಗ್ಯವಾಗಿಯಷ್ಟೇ ಸಲ್ಲುತ್ತದೆ; ಗೌರವದ ರೂಪವೂ ನಿಂದೆಯ ಪದವೂ ಒಂದನ್ನೊಂದು ತಳ್ಳುತ್ತವೆ. (3) ಅದೇ ಸಂಗತಿಯನ್ನು ಹೇಳಿಯೂ ಗೌರವವನ್ನು ಉಳಿಸಿಕೊಳ್ಳುತ್ತದೆ. ಅಲ್ಲಿ ವ್ಯಕ್ತಿ ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ಹಸಿವು, ನಿದ್ದೆ, ಜ್ವರಗಳಂತೆ ಚಟವೂ ಅವನಿಗೆ ಬಂದದ್ದು, ಅವನೇ ಅದಲ್ಲ. ಹುಚ್ಚು, ಗೀಳುಗಳೂ ಹೀಗೆಯೇ: ‘ಅವಳಿಗೆ ಓದಿನ ಹುಚ್ಚು’, ‘ಅವನಿಗೆ ಮೊಬೈಲಿನ ಗೀಳು’. ‘ಗೀಳು’ ಎಂಬುದರಿಂದ ವ್ಯಕ್ತಿವಾಚಕ ತದ್ಧಿತವೇ ಬಳಕೆಯಲ್ಲಿಲ್ಲ ಎಂಬುದು ಗಮನಾರ್ಹ.

ಕನ್ನಡದ ಚತುರ್ಥೀ ಕರ್ತೃವನ್ನು ಎಸ್. ಎನ್. ಶ್ರೀಧರ್ ಮೊದಲಾದವರು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಆ ಚರ್ಚೆ ವಾಕ್ಯರಚನೆಯ ಅಧ್ಯಾಯದಲ್ಲಿ, ‘ಕುಡುಕ’ನು ಪದರಚನೆಯ ಅಧ್ಯಾಯದಲ್ಲಿ ಉಳಿದುದರಿಂದ ಇವೆರಡೂ ಒಂದೇ ಅರ್ಥಕ್ಷೇತ್ರದ ಪರ್ಯಾಯಗಳೆಂಬುದು ಕಾಣದೆ ಹೋಗಿದೆ. ಈ ಕ್ಷೇತ್ರದ ಕ್ರಿಯಾಪದಗಳನ್ನು ಜೊತೆಗಿಟ್ಟರೆ ಚಿತ್ರ ಇನ್ನೂ ಸ್ಪಷ್ಟ:

(4) ಅವನಿಗೆ ಚಟ ಹತ್ತಿತು.
(5) ಅವನು ಚಟ ಹತ್ತಿಸಿಕೊಂಡ.
(6) ಅವನು ಚಟ ಬಿಟ್ಟ.

(4)ರಲ್ಲಿ ಹೊಣೆ ಯಾರದೂ ಅಲ್ಲ. (5)ರ ‘-ಕೊಳ್ಳು’ ಹೊಣೆಯನ್ನು ಅವನ ಮೇಲೆ ಹೊರಿಸುತ್ತದೆ. (6)ರಲ್ಲಿ ಬಿಟ್ಟ ಶ್ರೇಯಸ್ಸು ಪ್ರಥಮಾ ವಿಭಕ್ತಿಯ ಅವನಿಗೇ ಸಲ್ಲುತ್ತದೆ. ಹೊಣೆಗಾರಿಕೆಯ ಇಷ್ಟು ನಯವಾದ ಹಂಚಿಕೆಗೆ ‘ಕುಡುಕ’ ಎಂಬ ಒಂದು ಪದದಲ್ಲಿ ಎಡೆಯಿಲ್ಲ.

ಇದು ಕೇವಲ ವರ್ಗೀಕರಣದ ಪ್ರಶ್ನೆಯಲ್ಲ. ವ್ಯಸನವನ್ನೇ ವ್ಯಕ್ತಿಯ ಹೆಸರಾಗಿಸುವ ‘ಅಡಿಕ್ಟ್’ ಎಂಬ ನಾಮಪದವನ್ನು ಬಳಸಬಾರದೆಂದು ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ 2017ರಲ್ಲಿ ಸೂಚಿಸಿತು. ಅದೇ ಕಾಳಜಿಯಿಂದ ಕನ್ನಡದಲ್ಲಿ ಆರೋಗ್ಯ ಸಾಹಿತ್ಯವನ್ನು ಬರೆಯುವವರು ಇಂಗ್ಲಿಷಿನ ವಾಕ್ಯವನ್ನು ಅನುಸರಿಸಿ ‘ಮದ್ಯಬಳಕೆಯ ಅಸ್ವಸ್ಥತೆಯನ್ನು ಹೊಂದಿರುವ ವ್ಯಕ್ತಿ’ಯಂತಹ ಭಾರವಾದ ರಚನೆಗೆ ಹೋಗುವ ಅಗತ್ಯವಿಲ್ಲ. ‘ಕುಡಿತದ ಚಟ ಹತ್ತಿದವರು’ ಎಂಬುದು ಮನೆಮಾತಿನಲ್ಲೇ ಇದೆ. ಪತ್ರಿಕೆಗಳ ‘ಮದ್ಯಪ್ರಿಯರು’ ಸಂಕಟವನ್ನೇ ಮರೆಸುತ್ತದೆ. ‘ಮದ್ಯವ್ಯಸನಿ’ ಹಳಿಯದಿದ್ದರೂ ವ್ಯಕ್ತಿಯನ್ನು ವ್ಯಸನದಿಂದಲೇ ಹೆಸರಿಸುತ್ತದೆ.

ಚತುರ್ಥೀ ರಚನೆ ಯಾವಾಗಲೂ ಮೃದುವೆಂದು ನಾವು ಹೇಳುತ್ತಿಲ್ಲ; ವಿಶೇಷಣವಿಲ್ಲದ ‘ಅವನಿಗೆ ಹುಚ್ಚು’ ಎಂಬುದು ಕಠೋರವೇ. ನಮ್ಮ ವಾದ ಇಷ್ಟೇ: ನಿಘಂಟುಗಳು ಇಂತಹ ಪ್ರತ್ಯಯಗಳಿಗೆ ಅರ್ಥದೊಡನೆ ನಿಲುವಿನ ಸೂಚನೆಯನ್ನೂ ನೀಡಬೇಕು, ವ್ಯಾಕರಣಗಳು ಪದವನ್ನು ಅದರ ಪರ್ಯಾಯ ವಾಕ್ಯದೊಡನೆ ಇಟ್ಟು ವಿವರಿಸಬೇಕು. ಒಬ್ಬರನ್ನು ‘ಕುಡುಕ’ ಎನ್ನುವುದೂ ‘ಅವರಿಗೆ ಚಟವಿದೆ’ ಎನ್ನುವುದೂ ಕನ್ನಡದಲ್ಲಿ ಎರಡು ಬೇರೆ ತೀರ್ಪುಗಳು. ವಿವರಣೆ ಅವನ್ನು ಒಂದಾಗಿಸಬಾರದು.