ಅವ್ವನ ಪೂಜೆಗೆ ಯಾವ ಹಾಡು?

ಸಂಕ್ರಾಂತಿ ಕೂಟದ ದಿನ ಊಟದ ಸಾಲಿನಲ್ಲಿ ಇಬ್ಬರು ಮೂವರು ನನ್ನನ್ನು ತಡೆದು ಕೇಳಿದರು: "ನಿಮ್ಮ ತಾಯಿಯವರು ತೀರಿಕೊಂಡಾಗ ಚರ್ಚಿನಲ್ಲಿ ನಮ್ಮ ಬಿ.ಎಂ.ಶ್ರೀ. ಪದ್ಯ ಹಾಡಿಸಿದಿರಲ್ಲ, ನಿಮ್ಮವರಲ್ಲಿ ಅದಕ್ಕೆ ಒಪ್ಪುತ್ತಾರೆಯೆ?" ಬಿಸಿಬೇಳೆ ಅನ್ನದ ತಟ್ಟೆ ಹಿಡಿದುಕೊಂಡು ಕೊಡುವ ಉತ್ತರ ಅದಲ್ಲವಾದ್ದರಿಂದ "ಬರೆದು ತಿಳಿಸುತ್ತೇನೆ" ಎಂದು ತಪ್ಪಿಸಿಕೊಂಡೆ. ಸಂಪಾದಕರು ಹಿಂದೆಯೇ ನಿಂತಿದ್ದರು. ಅದರ ಫಲ ಈ ಲೇಖನ.

ನಮ್ಮ ಕೂಟದಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಮೊದಲು ಒಂದೆರಡು ವಿಷಯ ತಿಳಿಸಿಬಿಡುತ್ತೇನೆ. ನಮ್ಮಲ್ಲಿ ಸತ್ತವರಿಗೆ ಮೂರು ಹಂತದ ವಿಧಿ. ಹಿಂದಿನ ಸಂಜೆ ಫ್ಯೂನರಲ್ ಹೋಮಿನಲ್ಲಿ ಜಾಗರಣೆ. ಅಲ್ಲಿ ಜಪಸರ ಹೇಳುತ್ತಾರೆ. ಮರುದಿನ ಚರ್ಚಿನಲ್ಲಿ ಬಲಿಪೂಜೆ. ಆಮೇಲೆ ಸಮಾಧಿಯ ಬಳಿ ಬೀಳ್ಕೊಡುವ ಪ್ರಾರ್ಥನೆ. ಹಾಡಿನ ತಕರಾರು ಬರುವುದೆಲ್ಲ ನಡುವಿನ ಪೂಜೆಗೆ. ಪೆಟ್ಟಿಗೆ ಒಳಬರುವಾಗ ಒಂದು, ವಾಚನದ ನಂತರ ಒಂದು ಕೀರ್ತನೆ, ಕಾಣಿಕೆಗೆ ಒಂದು, ಪರಮಪ್ರಸಾದಕ್ಕೆ ಒಂದು, ಧೂಪ ಹಾಕಿ ಬೀಳ್ಕೊಡುವಾಗ ಒಂದು, ಹೊರಡುವಾಗ ಒಂದು. ಆರು ಜಾಗ. ನಮ್ಮ ಮನೆಯಲ್ಲಿ ಬಂದ ಸಲಹೆಗಳು ಹದಿನಾಲ್ಕು.

ಈ ಹಾಡುಗಳ ಮೇಲೆ ಇಷ್ಟು ಭಾರ ಬೀಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಪೂಜೆಯಲ್ಲಿ ಸತ್ತವರ ಗುಣಗಾನ ಮಾಡುವ ಭಾಷಣಕ್ಕೆ ಜಾಗವಿಲ್ಲ. ಗುರುಗಳ ಪ್ರಬೋಧನೆಯೂ ದೇವರ ವಾಕ್ಯದ ಮೇಲೆ ಇರಬೇಕು, ಸತ್ತವರ ಜೀವನಚರಿತ್ರೆ ಆಗಬಾರದು. ಕೊನೆಯಲ್ಲಿ ಮನೆಯವರೊಬ್ಬರು ನಾಲ್ಕು ಮಾತು ಹೇಳುವ ರೂಢಿ ಬೆಳೆದಿತ್ತು. ನಮ್ಮ ಹ್ಯಾರಿಸನ್ ಸೇರಿರುವ ನ್ಯೂವಾರ್ಕ್ ಮಹಾಧರ್ಮಪ್ರಾಂತ್ಯದಲ್ಲಿ ಆಗ ಆರ್ಚ್‌ಬಿಷಪ್ ಆಗಿದ್ದ ಜಾನ್ ಮಯರ್ಸ್ ಅವರು 2003ರ ಜನವರಿಯಲ್ಲಿ ಅದನ್ನೂ ಕೂಡದೆಂದರು. ಆಗ ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಆಯಿತು. ಮಾತಿಗೆ ಬಾಗಿಲು ಹಾಕಿದರೆ ಜನ ತಮ್ಮ ದುಃಖವನ್ನೆಲ್ಲ ಹಾಡಿನ ಬಾಗಿಲಲ್ಲಿ ತುರುಕುತ್ತಾರೆ. ಅಲ್ಲೂ ಕಾವಲು ಇದೆ. ಈ ದೇಶದ ಬಿಷಪ್ಪರು 2007ರಲ್ಲಿ ಹೊರಡಿಸಿದ ಸಂಗೀತ ಮಾರ್ಗದರ್ಶಿಯ ಪ್ರಕಾರ, ಸತ್ತವರಿಗೆ ಎಷ್ಟೇ ಇಷ್ಟವಾಗಿದ್ದರೂ ಲೌಕಿಕ ಹಾಡು ಪೂಜೆಗೆ ಸಲ್ಲದು. ಟೇಪು, ಸೀಡಿ ಹಾಕಿ ಗಾಯಕರ ಕೆಲಸ ಮಾಡಿಸುವುದೂ ಸಲ್ಲದು. ಮೊದಲನೆಯದರ ಬಗ್ಗೆ ವಾದಿಸಬಹುದು. ಎರಡನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಶವಪೆಟ್ಟಿಗೆಯ ಮುಂದೆ ಗುಂಡಿ ಒತ್ತಿ ಅಳುವುದಕ್ಕಿಂತ ಬೇಸೂರಾಗಿ ಹಾಡುವುದು ಮೇಲು.

ಅವ್ವ ಕನಕಪುರ ತಾಲೂಕಿನ ಹಾರೋಬೆಲೆಯವಳು. ಶುಭ ಶುಕ್ರವಾರದ ಯೇಸುವಿನ ನಾಟಕಕ್ಕೆ ಹೆಸರಾದ ಊರು ಅದು. ಕನ್ನಡ ಬಿಟ್ಟರೆ ಅವಳಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಕೊನೆಯ ಹನ್ನೊಂದು ವರ್ಷ ನಮ್ಮ ಜೊತೆ ಹ್ಯಾರಿಸನ್ನಿನಲ್ಲಿದ್ದಳು. ಪಾತ್ ರೈಲಿನ ಸದ್ದಿಗೆ ಒಗ್ಗಿಕೊಂಡಳು, ಪಸಾಯಿಕ್ ನದಿಯನ್ನು ಕಡೆಯವರೆಗೂ "ಹೊಳೆ" ಎಂದೇ ಕರೆದಳು. ಭಾನುವಾರದ ಇಂಗ್ಲಿಷ್ ಪೂಜೆಯಲ್ಲಿ ತುಟಿಯಲ್ಲೇ ಕನ್ನಡದ ಜಪ ಹೇಳಿಕೊಳ್ಳುತ್ತಿದ್ದಳು. ಹೋದ ವರ್ಷ ಚಳಿಗಾಲದಲ್ಲಿ ಹೋಗಿಬಿಟ್ಟಳು. ಯಾವ ಹಾಡು ಬೇಕೆಂದು ಅವಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ತಂಗಿ ಮೊದಲ ದಿನವೇ ಹೇಳಿದಳು: "ಅಣ್ಣಾ, ಅವ್ವನಿಗೆ ಮರಿಯಮ್ಮ ಅಂದ್ರೆ ಪ್ರಾಣ. ಆವೆ ಮರೀಯ ಇಲ್ದೆ ಹೇಗೆ?" ಅವಳು ಹೇಳಿದ್ದು ಶೂಬರ್ಟನದು. ಸುಂದರವಾದ ಹಾಡು, ಸಂಶಯವಿಲ್ಲ. ಆದರೆ ಅದರ ಹುಟ್ಟಿನ ಕಥೆ ಬೇರೆ. 1825ರಲ್ಲಿ ಶೂಬರ್ಟ್ ಸ್ವರ ಹಾಕಿದ್ದು ವಾಲ್ಟರ್ ಸ್ಕಾಟನ ಕಾವ್ಯವೊಂದರ ಜರ್ಮನ್ ಅನುವಾದಕ್ಕೆ; ಗವಿಯಲ್ಲಿ ಅಡಗಿ ಕುಳಿತ ಹುಡುಗಿಯೊಬ್ಬಳು ಮರಿಯಳನ್ನು ಕರೆಯುವ ಪದ್ಯ. ಲ್ಯಾಟಿನ್ ಪ್ರಾರ್ಥನೆಯ ಮಾತುಗಳನ್ನು ಜನ ಆಮೇಲೆ ಆ ಸ್ವರಕ್ಕೆ ಕೂಡಿಸಿದರು. ಗೂನೋನದು ಇನ್ನೂ ವಿಚಿತ್ರ: ಬಾಖ್‌ನ ಒಂದು ವಾದ್ಯರಚನೆಯ ಮೇಲೆ ತನ್ನ ರಾಗ ಕೂರಿಸಿ, 1859ರಲ್ಲಿ ಅದಕ್ಕೆ ಪ್ರಾರ್ಥನೆಯ ಮಾತು ಹಾಕಿದ. ಹುಟ್ಟು ಹೇಗಿದ್ದರೇನು ಎನ್ನಬಹುದು. ನನ್ನ ಆಕ್ಷೇಪಣೆ ಅದಲ್ಲ. ಎರಡೂ ಒಬ್ಬ ಗಾಯಕಿಗಾಗಿ ಬರೆದವು. ಆಕೆ ಶುರು ಮಾಡಿದ ಕ್ಷಣ ಶೋಕಕ್ಕೆ ಬಂದವರೆಲ್ಲ ಕಚೇರಿಯ ಶ್ರೋತೃಗಳಾಗಿ ಹಿಂದಕ್ಕೆ ಒರಗುತ್ತಾರೆ, ಎತ್ತರದ ಸ್ವರ ಬರುತ್ತದೋ ಇಲ್ಲವೋ ಎಂದು ಕಾಯುತ್ತಾರೆ. ಅವ್ವನ ಜಪಸರದಲ್ಲಿ ಐವತ್ತು ಸಲ ಬರುತ್ತಿದ್ದ ಪ್ರಾರ್ಥನೆಗೂ ಈ ಎತ್ತರದ ಸ್ವರಕ್ಕೂ ನನಗೆ ನಂಟು ಕಾಣಲಿಲ್ಲ.

ಮಗನ ಆಯ್ಕೆ "ಆನ್ ಈಗಲ್ಸ್ ವಿಂಗ್ಸ್". ಈ ದೇಶದ ಕಥೋಲಿಕ ಅಂತ್ಯಕ್ರಿಯೆಗೆ ಹೋದವರು ಇದನ್ನು ಕೇಳದೆ ಬಂದಿರಲಾರರು. ಮೈಕೇಲ್ ಜಾಂಕಸ್ ಎಂಬ ಗುರುಗಳು ತಮ್ಮ ಸ್ನೇಹಿತನ ತಂದೆ ತೀರಿಕೊಂಡ ಸಂದರ್ಭದಲ್ಲಿ 91ನೆಯ ಕೀರ್ತನೆಯನ್ನು ಆಧರಿಸಿ ಬರೆದದ್ದು. ಧ್ವನಿಮುದ್ರಣವಾಗಿ ಬಂದದ್ದು 1979ರಲ್ಲಿ. 2020ರ ನವೆಂಬರಿನಲ್ಲಿ ಚುನಾವಣೆ ಗೆದ್ದ ರಾತ್ರಿಯ ಭಾಷಣದಲ್ಲಿ ಜೋ ಬೈಡನ್ ಅದರ ಸಾಲುಗಳನ್ನು ಹೇಳಿದ ಮೇಲೆ ನಮ್ಮ ಹಿಂದೂ ಸ್ನೇಹಿತರಿಗೂ ಅದರ ಹೆಸರು ಪರಿಚಯವಾಯಿತು. ಪಂಡಿತರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಅತಿ ಮಧುರ, ನಾಟಕೀಯ ಎನ್ನುತ್ತಾರೆ. ಅವರ ಮಾತು ಅರ್ಧ ಸರಿ. ಚರಣಗಳ ಧಾಟಿ ಜನಕ್ಕೆ ಸಿಗುವುದಿಲ್ಲ. ಎಲ್ಲಿ ಎತ್ತಬೇಕು, ಎಲ್ಲಿ ತಡೆಯಬೇಕು ಗೊತ್ತಾಗದೆ ಸಭೆ ಗುಣುಗುಣು ಎನ್ನುತ್ತದೆ. ಪಲ್ಲವಿ ಬಂದ ಕೂಡಲೇ ಮಾತ್ರ ಇಡೀ ಚರ್ಚು ಏಳುತ್ತದೆ. ದೇವರು ನಿನ್ನನ್ನು ಎತ್ತುತ್ತಾನೆ ಎಂಬ ಮಾತಿಗೆ ರಾಗವೂ ಮೇಲಕ್ಕೆ ಏರುತ್ತದೆ. ಏರಿಸುವುದು ಸುಲಭದ ಉಪಾಯವೇ, ಆದರೆ ಕೆಲಸ ಮಾಡುತ್ತದೆ. ಅಜ್ಜಿಯ ಕೈಯಲ್ಲಿ ಬೆಳೆದ ಹದಿನೇಳರ ಹುಡುಗ "ಇದು ಅಜ್ಜಿಗೆ" ಎಂದಾಗ ಪಂಡಿತರನ್ನು ಪಕ್ಕಕ್ಕಿಟ್ಟೆ. ಪರಮಪ್ರಸಾದಕ್ಕೆ ಅದೇ ಆಯಿತು.

"ಅಮೇಜಿಂಗ್ ಗ್ರೇಸ್" ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಪಕ್ಕದ ಕರ್ನಿ ಸ್ಕಾಟ್‌ಲೆಂಡಿನವರು ಬಂದು ನೆಲೆಸಿದ ಊರು. ಈ ಕಡೆ ಪೊಲೀಸ್, ಅಗ್ನಿಶಾಮಕದವರ ಶವಯಾತ್ರೆಯಲ್ಲಿ ಬ್ಯಾಗ್‌ಪೈಪಿನಲ್ಲಿ ಅದು ಮೊಳಗದೆ ಇರುವುದಿಲ್ಲ. ಗುಲಾಮರ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್ ತನ್ನ ಪಾಪಕ್ಕಾಗಿ ಬರೆದ ಹಾಡು. ಅವ್ವ ಅಂಥ ಪಾಪವನ್ನೇನೂ ಮಾಡಿರಲಿಲ್ಲವಾದ್ದರಿಂದ ಬಿಟ್ಟೆವು.

ಇಲ್ಲಿ ಒಂದು ಮಾತು. ಈಗಿನ ಹಾಡುಗಳೆಲ್ಲ ಸಮಾಧಾನದವು: ಭಯಪಡಬೇಡ, ನಾನಿದ್ದೇನೆ, ಎತ್ತಿಕೊಳ್ಳುತ್ತೇನೆ. ಅವ್ವ ಬಾಲ್ಯದಲ್ಲಿ ಕಂಡ ಸಾವಿನ ಪೂಜೆ ಹಾಗಿರಲಿಲ್ಲ. ಗುರುಗಳ ಮೈಮೇಲೆ ಕಪ್ಪು ವಸ್ತ್ರ. "ದೀಯೆಸ್ ಈರೆ" ಎಂಬ ದೀರ್ಘ ಲ್ಯಾಟಿನ್ ಪದ, ಅಂತಿಮ ತೀರ್ಪಿನ ದಿನದ ವರ್ಣನೆ. ಮೊತ್ಸಾರ್ಟನೂ ವೆರ್ಡಿಯೂ ಅದೇ ಪದಕ್ಕೆ ಸಂಗೀತ ಹಾಕಿ ಸಭಾಂಗಣಗಳನ್ನು ನಡುಗಿಸಿದರು. ಹಳ್ಳಿಯಲ್ಲಿ ಅದನ್ನು ಉಪದೇಶಿಯೊಬ್ಬ ಒಂದೇ ಧಾಟಿಯಲ್ಲಿ ಹೇಳಿ ನಡುಗಿಸುತ್ತಿದ್ದ. "ಒಂದು ಮಾತೂ ಅರ್ಥ ಆಗ್ತಿರ್ಲಿಲ್ಲ ಕಣಪ್ಪಾ, ಆದ್ರೆ ಹೆದರ್ಕೆ ಆಗ್ತಿತ್ತು" ಎನ್ನುತ್ತಿದ್ದಳು ಅವ್ವ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1969ರ ಹೊಸ ಅಂತ್ಯಕ್ರಿಯಾ ವಿಧಿಯಲ್ಲಿ ಆ ಪದಕ್ಕೆ ಜಾಗ ಸಿಗಲಿಲ್ಲ. ಭಾಷೆ ಬಂತು, ಭಯ ಹೋಯಿತು. ಕನ್ನಡದಲ್ಲಿ ಪೂಜೆ ಕೇಳುವ ಭಾಗ್ಯ ಬಂದದ್ದಕ್ಕೆ ಅವಳು ಸಂತೋಷಪಟ್ಟವಳೇ, ನಾನೂ ಅದರ ಪರ. ಆದರೂ ಸಾವಿನ ಎದುರು ನಿಂತ ಮನುಷ್ಯನಿಗೆ ಸ್ವಲ್ಪವೂ ಹೆದರಿಕೆ ಇಲ್ಲವೆಂಬಂತೆ ಹಾಡುವ ಹಾಡುಗಳು ನನಗೆ ತೆಳುವಾಗಿಯೇ ಕೇಳುತ್ತವೆ. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮೂರಿಂದ ತಂದ ಕನ್ನಡದ ಭಕ್ತಿಗೀತೆಗಳಲ್ಲೂ ಬಹಳಷ್ಟು ಹೀಗೆಯೇ. ಮೇಲೆ ಸಿನಿಮಾ ಧಾಟಿಯ ತಬಲ, ಕೀಬೋರ್ಡು ಬೇರೆ.

ಅಷ್ಟರಲ್ಲಿ ಬೆಂಗಳೂರಿನಿಂದ ದೊಡ್ಡಣ್ಣನ ಫೋನು. "ಲೋ, ಅವ್ವ ಇಂಗ್ಲಿಷ್ ಹಾಡು ಕೇಳ್ಕೊಂಡು ಹೋಗ್ಬೇಕೇನೋ? ಒಂದಾದ್ರೂ ಕನ್ನಡದ್ದು ಹಾಡ್ಸೋ." ಅವನ ಸಿಟ್ಟಿಗೆ ಇತಿಹಾಸವಿದೆ. ಬೆಂಗಳೂರಿನ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಎಂಬ ಜಗಳ ಬಹಳ ಹಳೆಯದು. ಅವನು ಅದರಲ್ಲಿ ಪೆಟ್ಟು ತಿಂದವನು. ಇಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್ ಪೂಜೆಗಳ ನಡುವೆ ಕನ್ನಡ ಯಾರಿಗೂ ವಿಶೇಷವೆನಿಸಲಿಲ್ಲ. ಆರ್ಗನ್ ನುಡಿಸುವವರು ಕೇಳಿದ್ದು ಒಂದೇ: "ಅದರ ಅರ್ಥ ಬರೆದುಕೊಡುತ್ತೀರಾ?"

ಯಾವ ಕನ್ನಡ ಹಾಡು ಎನ್ನುವಾಗ ನನ್ನ ಹೆಂಡತಿ "ಕರುಣಾಳು ಬಾ ಬೆಳಕೆ" ಎಂದಳು. ಅವ್ವ ಶಾಲೆಯಲ್ಲಿ ಕಲಿತ ನಾಲ್ಕು ತರಗತಿಯಲ್ಲಿ ಉಳಿದದ್ದು ಅದೊಂದೇ. ಅಡಿಗೆಮನೆಯಲ್ಲಿ ಮೊದಲ ಪದ್ಯ ಹೇಳಿಕೊಳ್ಳುತ್ತಿದ್ದಳು. ಅದು ಚರ್ಚಿನ ಹಾಡೆಂದು ಅವಳಿಗೆ ಗೊತ್ತಿರಲಿಲ್ಲ; ಎಷ್ಟೋ ಕನ್ನಡಿಗರಿಗೂ ಗೊತ್ತಿಲ್ಲ. ಮೂಲ ಜಾನ್ ಹೆನ್ರಿ ನ್ಯೂಮನ್ನರ "ಲೀಡ್ ಕೈಂಡ್ಲಿ ಲೈಟ್". 1833ರ ಜೂನಿನಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೆ, ಊರಿಗೆ ಮರಳುವ ದಾರಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತುಹೋದಾಗ ಬರೆದದ್ದು. ಆಗ ಅವರಿಗೆ 32 ವರ್ಷ, ಆಂಗ್ಲಿಕನ್ ಪಾದ್ರಿ. 1845ರಲ್ಲಿ ಕಥೋಲಿಕರಾದರು, ಮುಂದೆ ಕಾರ್ಡಿನಲ್ಲರಾದರು. 2019ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಗಾಂಧೀಜಿಗೆ ಪ್ರಿಯವಾದ ಈ ಗೀತೆ ಬಿ.ಎಂ.ಶ್ರೀ.ಯವರ 1926ರ "ಇಂಗ್ಲಿಷ್ ಗೀತಗಳು" ಮೂಲಕ ನಮ್ಮದಾಯಿತು. ಅರ್ಥ ಬರೆದುಕೊಡಿ ಎಂದವರಿಗೆ ನಾನು ಕೊಟ್ಟದ್ದು ನ್ಯೂಮನ್ನರ ಮೂಲವನ್ನೇ. ಅವರು ಓದಿ ನಕ್ಕರು: ಸಂತರೊಬ್ಬರ ಹಾಡಿಗೆ ಯಾರು ತಡೆ ಹೇಳುತ್ತಾರೆ?

ಬಿ.ಎಂ.ಶ್ರೀ. ಮಾಡಿದ್ದನ್ನು ಗಮನಿಸಿ. ಇಂಗ್ಲಿಷಿನಲ್ಲಿ ಮೊದಲ ಮಾತೇ "ನಡೆಸು". ಕನ್ನಡದಲ್ಲಿ ಮೊದಲು ಸಂಬೋಧನೆ, ಆಮೇಲೆ "ಬಾ". ನಡೆಸುವ ಮುನ್ನ ಬೆಳಕು ಹತ್ತಿರ ಬರಬೇಕು. ಅದೂ "ಬನ್ನಿ" ಅಲ್ಲ, ಮನೆಯವರನ್ನು ಕರೆಯುವ ಏಕವಚನ. ದಾಸರೂ ಶರಣರೂ ದೇವರನ್ನು ಕರೆದ ಹಾಗೆ. ಕ್ರಿಸ್ತನ ಹೆಸರು ಮೂಲದಲ್ಲೂ ಇಲ್ಲ, ಇಲ್ಲೂ ಇಲ್ಲ; ಆದ್ದರಿಂದಲೇ ಶಾಲೆಯಲ್ಲಿ ಎಲ್ಲ ಮತದ ಮಕ್ಕಳೂ ಹಾಡಿದರು. ಮುಖ್ಯವಾಗಿ, ಇದರಲ್ಲಿ ಹೆದರಿಕೆ ಇದೆ. ಕತ್ತಲೆ ಇದೆ, ಮನೆ ದೂರವಿದೆ, ಕೇಳುವುದು ಒಂದೇ ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕು. ನಾನು ಹುಡುಕುತ್ತಿದ್ದದ್ದು ಅದೇ.

ಇನ್ನು ರಾಗ. ಇಂಗ್ಲಿಷ್ ಮೂಲಕ್ಕೆ ಡೈಕ್ಸ್ ಎಂಬುವವರು 1865ರಲ್ಲಿ ಹಾಕಿದ ಪ್ರಸಿದ್ಧ ಸ್ವರವಿದೆ. ಆರ್ಗನ್ನಿನವರು ಅದಕ್ಕೇ ಕನ್ನಡ ಕೂರಿಸೋಣ ಎಂದು ಉತ್ಸಾಹ ತೋರಿಸಿದರು. ಕೂರುವುದಿಲ್ಲ. ಇಂಗ್ಲಿಷಿನ ಮೊದಲ ಸಾಲಿಗೆ ಹತ್ತು ಅಕ್ಷರ, ಬಿ.ಎಂ.ಶ್ರೀ.ಯವರ ಸಾಲಿಗೆ ಹದಿನಾರು; ನಡಿಗೆ ಐದೈದು ಮಾತ್ರೆಯದು. ಉದ್ದ ಸಾಲು, ಗಿಡ್ಡ ಸಾಲು ಎಂಬ ಆಕಾರವನ್ನು ಉಳಿಸಿಕೊಂಡರೂ ಅವರು ಹೆಜ್ಜೆಯನ್ನು ಕನ್ನಡದ್ದೇ ಇಟ್ಟರು. ಹತ್ತು ಸ್ವರಕ್ಕೆ ಹದಿನಾರು ಅಕ್ಷರ ತುರುಕಿದರೆ ಪ್ರಾರ್ಥನೆ ಹೋಗಿ ಮಗ್ಗಿ ಆಗುತ್ತದೆ. ಹಾಗಾಗಿ ಶಾಲೆಯ ಹಳೆಯ ಧಾಟಿಯಲ್ಲೇ, ಶ್ರುತಿಪೆಟ್ಟಿಗೆ ಮಾತ್ರ ಇಟ್ಟುಕೊಂಡು ಹಾಡುವುದೆಂದಾಯಿತು. ಹಾಡಿದವರು ನಮ್ಮ ಕೂಟದ ಐವರು ಹೆಂಗಸರು. ಅವರಲ್ಲಿ ಮೂವರು ಚರ್ಚಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಎಲ್ಲಿ ಬಿಡಬೇಕೆಂದು ಒಬ್ಬರು ಬಾಗಿಲಲ್ಲಿ ನಿಂತು ಕೇಳಿದ್ದು ನನಗೆ ಈಗಲೂ ನೆನಪಿದೆ.

ಹೇಗಿತ್ತು? ಪರಮಪ್ರಸಾದದ ನಂತರದ ಮೌನದಲ್ಲಿ ಶುರುವಾಯಿತು. ಸ್ವಲ್ಪ ನಿಧಾನವಾಯಿತು, ಐದರ ನಡಿಗೆ ಎಳೆದಷ್ಟೂ ಕುಂಟುತ್ತದೆ. ಎರಡನೆಯ ಪದ್ಯದಲ್ಲಿ ಒಬ್ಬರು ಸುಗಮ ಸಂಗೀತದ ಅಭ್ಯಾಸಬಲದಿಂದ ಒಂದು ತಿರುವು ಹಾಕಿದರು, ಉಳಿದವರು ಹಿಂದೆ ಬಿದ್ದರು. ಇವು ಸಣ್ಣ ಮಾತು. ಮೊದಲ ಸಾಲಿಗೇ ಹಿಂದಿನ ಬೆಂಚುಗಳಿಂದ ನಮ್ಮ ಕೂಟದವರ ದನಿ ಸೇರಿಕೊಂಡಿತು, ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಹೊತ್ತೂ ಅಳದೆ ಕುಳಿತಿದ್ದ ತಂಗಿ ಆಗ ಅತ್ತಳು.

ದೊಡ್ಡ ತಪ್ಪು ನನ್ನದು. ಹೊತ್ತಾಗುತ್ತದೆಂದು ಎರಡು ಪದ್ಯ ಸಾಕು ಎಂದಿದ್ದೆ. ಶಾಲೆಯಲ್ಲಿ ನಾವು ಹಾಡುತ್ತಿದ್ದದ್ದೂ ಅಷ್ಟೇ. ರಾತ್ರಿ ಮನೆಗೆ ಬಂದು ಪುಸ್ತಕ ತೆರೆದು ಮೂರನೆಯ ಪದ್ಯ ಓದಿದೆ. ಇರುಳು ಕಳೆದು ಬೆಳಗಾದಾಗ, ಹಿಂದೆ ಪ್ರೀತಿಸಿ ನಡುವೆ ಕಳೆದುಕೊಂಡ ಮುಖಗಳು ಮತ್ತೆ ಕಾಣುತ್ತವೆ ಎಂಬ ಮಾತು ಇರುವುದು ಅಲ್ಲಿ. ಮೊದಲೆರಡು ಪದ್ಯ ಯಾವ ದಿನದ ಪ್ರಾರ್ಥನೆಗೂ ಆಗುತ್ತದೆ. ಸಾವಿನ ಮನೆಗೆ ಬರೆದಂತಿರುವುದು ಮೂರನೆಯದು. ಅದನ್ನೇ ಬಿಟ್ಟುಬಿಟ್ಟಿದ್ದೆ. ಹನ್ನೊಂದು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ನಾಳೆ ಬೆಳಿಗ್ಗೆ ಹೇಳಿದ್ರೂ ಆಗ್ತಿತ್ತು" ಎಂದಳು, ಆದರೆ ಎದ್ದು ಕುಳಿತು ಓದಿದಳು.

ನಲವತ್ತನೆಯ ದಿನ ನಾರ್ತ್ ಆರ್ಲಿಂಗ್ಟನ್ನಿನ ಹೋಲಿ ಕ್ರಾಸ್ ಸಮಾಧಿಭೂಮಿಗೆ ಹೋದೆವು. ನೆಲದ ಮೇಲೆ ಹಿಮ ಇನ್ನೂ ಇತ್ತು, ಕಲ್ಲು ಇನ್ನೂ ನಿಲ್ಲಿಸಿರಲಿಲ್ಲ. ತಂಗಿ, ಮಗ, ನಾವಿಬ್ಬರು, ಜೊತೆಗೆ ಚಪ್ಪಲಿಯ ಬಗ್ಗೆ ಕೇಳಿದ್ದ ಆ ಅಕ್ಕ. ಮಗನಿಗೆ ಕನ್ನಡ ಓದಲು ಬಾರದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಮೂರೂ ಪದ್ಯ ಹಾಡಿದೆವು, ಈ ಸಲ ಸ್ವಲ್ಪ ಬೇಗವಾಗಿಯೇ, ಚಳಿಯಿತ್ತಲ್ಲ.

ಮೂರೂ ಪದ್ಯಗಳ ಜೆರಾಕ್ಸ್ ಪ್ರತಿಗಳು ಇಪ್ಪತ್ತು ಉಳಿದಿವೆ, ಕನ್ನಡ ಒಂದು ಬದಿ, ನ್ಯೂಮನ್ನರ ಮೂಲ ಇನ್ನೊಂದು ಬದಿ. ಯುಗಾದಿ ಕೂಟದ ದಿನ ಪುಸ್ತಕದ ಮೇಜಿನ ಮೇಲೆ ಇಟ್ಟಿರುತ್ತೇನೆ, ಬೇಕಾದವರು ತೆಗೆದುಕೊಳ್ಳಬಹುದು.