ರಾಜ್ಯದ ಬದಲಾವಣೆಯೂ ನಮ್ಮ ಎರಡು ಕಾದಂಬರಿಗಳೂ

ಇತಿಹಾಸದ ಪಾಠ ಹೇಳುವಾಗ ಫ್ರಾನ್ಸಿನ 1789ನ್ನೂ ರಷ್ಯದ 1917ನ್ನೂ ನಾವು ಬಹು ಹುರುಪಿನಿಂದ ಬಣ್ಣಿಸುತ್ತೇವೆ. ಕಾಳಗ, ದಂಗೆ, ಸಿಂಹಾಸನದ ಪತನ, ಇವುಗಳಿಂದಲೇ ರಾಷ್ಟ್ರಗಳು ರೂಪುಗೊಳ್ಳುತ್ತವೆಂದು ಮಕ್ಕಳು ನಂಬುತ್ತಾರೆ. ಒಮ್ಮೆ ಏಳನೆಯ ಇಯತ್ತೆಯ ಹುಡುಗನೊಬ್ಬನು ಎದ್ದುನಿಂತು, "ಗುರುಗಳ, ನಮ್ಮ ಜತ್ತದ ರಾಜ್ಯ ಹ್ಯಾಂಗ ಹೋತ್ರಿ? ಯುದ್ಧ ಆತೇನ್ರಿ?" ಎಂದು ಕೇಳಿದನು. ಯುದ್ಧವೇನೂ ಆಗಲಿಲ್ಲವೆಂದೆವು. ಅವನ ಮುಖ ಸಪ್ಪಗಾಯಿತು. ಆ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು, ರಾಜ್ಯದ ಬದಲಾವಣೆಯನ್ನೂ ಬಂಡಾಯವನ್ನೂ ವಸ್ತುವಾಗಿ ಉಳ್ಳ ಎರಡು ಕಾದಂಬರಿಗಳನ್ನು ನಾವು ಮತ್ತೆ ಓದಿದೆವು. ಒಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' (1956). ಇನ್ನೊಂದು ನಿರಂಜನರ 'ಚಿರಸ್ಮರಣೆ' (1955). ಕನ್ನಡ ನಾಡು ಒಂದಾಗುತ್ತಿದ್ದ ಕಾಲದಲ್ಲಿಯೇ ಎರಡೂ ಹೊರಬಂದವು.

ಮಾಸ್ತಿಯವರ ಕೃತಿ 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾದ ಕಥೆ. ದುರ್ವ್ಯಸನಿಯಾದ ಅರಸ, ಅವನ ನೆರಳಾದ ಕುಂಟ ಬಸವ, ಸಾಧ್ವಿಯಾದ ರಾಣಿ ಗೌರಮ್ಮ, ಧರ್ಮಸಂಕಟಕ್ಕೆ ಸಿಲುಕಿದ ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಇವರನ್ನು ಲೇಖಕರು ಯಾರ ಮೇಲೂ ಸಿಟ್ಟಿಲ್ಲದೆ ಚಿತ್ರಿಸಿದ್ದಾರೆ. ತೋಪಿನ ಹೊಡೆತಕ್ಕಿಂತ ಮೊದಲೇ ಮನೆ ಒಳಗಿನಿಂದ ಬಿರಿದಿತ್ತೆಂಬುದನ್ನು ತೋರಿಸಿದ್ದು ಈ ಕೃತಿಯ ದೊಡ್ಡ ಗುಣ. ಕೊಡಗರು ಕೆಲವು ಕಡೆ ಕಂಪನಿಯ ದಂಡನ್ನು ತಡೆದು ಹಿಮ್ಮೆಟ್ಟಿಸಿದ್ದುಂಟು. ಆದರೂ ಮಡಿಕೇರಿ ಉಳಿಯಲಿಲ್ಲ. ಏಕೆ ಉಳಿಯಲಿಲ್ಲವೆಂಬುದು ಪಾಠಪುಸ್ತಕಕ್ಕಿಂತ ಈ ಕಾದಂಬರಿಯಿಂದಲೇ ಚೆನ್ನಾಗಿ ತಿಳಿಯುತ್ತದೆ.

ಆದರೆ ನಮ್ಮದೊಂದು ತಕರಾರಿದೆ. 1834ರ ಮೇ ತಿಂಗಳಲ್ಲಿ ಕರ್ನಲ್ ಫ್ರೇಜರನು ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ಜನರೆಲ್ಲರ ಇಚ್ಛೆಯಂತೆಯೇ ಅವರ ನಾಡನ್ನು ಕಂಪನಿಯ ಆಶ್ರಯಕ್ಕೆ ತೆಗೆದುಕೊಳ್ಳಲಾಗಿದೆ ಎಂಬ ಅರ್ಥದ ಮಾತು ಬರುತ್ತದೆ. ಜನರೆಲ್ಲರ ಇಚ್ಛೆ! ಅದನ್ನು ಕೇಳಿದವರು ಯಾರು, ಹೇಳಿದವರು ಯಾರು? ಕಾದಂಬರಿಯಲ್ಲಿ ಮಾತಾಡುವವರು ಹೆಚ್ಚಾಗಿ ಮಂತ್ರಿಗಳು, ತಕ್ಕರು, ಅರಮನೆಯ ಸುತ್ತಲಿನವರು. ಗದ್ದೆಯಲ್ಲಿ ನಿಂತವನ ದನಿ ದೂರದಿಂದ ಕೇಳಿಸುತ್ತದೆ. ಅರಸು ಬಿದ್ದ ಮರುದಿನ ಆ ಒಕ್ಕಲಿಗನು ಯಾರಿಗೆ, ಯಾವ ಭಾಷೆಯಲ್ಲಿ ಅರ್ಜಿ ಬರೆಸಿಕೊಂಡನೆಂಬುದು ನಮಗೆ ತಿಳಿಯದೆ ಹೋಗುತ್ತದೆ.

'ಚಿರಸ್ಮರಣೆ' ಈ ಕೊರತೆಯನ್ನು ತುಂಬುತ್ತದೆ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟ, ಹೊಳೆಯಲ್ಲಿ ಒಬ್ಬ ಪೋಲೀಸನ ಸಾವು, 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರು ತರುಣರಿಗೆ ಗಲ್ಲು, ಇದು ಅದರ ಹಿಂದಿನ ನಿಜಸಂಗತಿ. ಇಲ್ಲಿ ಅಪ್ಪು, ಚಿರುಕಂಡರಂಥ ಹುಡುಗರಿಗೆ ಕಣ್ಣು ತೆರೆಸುವವನು ಒಬ್ಬ ಶಾಲಾ ಮಾಸ್ತರ. (ವೃತ್ತಿಬಂಧುಗಳು ಈ ಪುಟಗಳನ್ನು ಓದುವಾಗ ತುಸು ಹಿಗ್ಗಿದರೆ ತಪ್ಪಿಲ್ಲ, ನಾವೂ ಹಿಗ್ಗಿದೆವು.) ರೈತನು ತನ್ನ ಇಚ್ಛೆಯನ್ನು ತಾನೇ ನುಡಿಯುತ್ತಾನೆ, ಅದಕ್ಕಾಗಿ ಪ್ರಾಣವನ್ನೂ ತೆರುತ್ತಾನೆ. ಅವರ ಮನೆಮಾತು ಮಲೆಯಾಳ. ಅವರನ್ನು ಜೀವಂತವಾಗಿಸಿದ್ದು ಕನ್ನಡದ ಕಾದಂಬರಿ. ಗಡಿಯವರಾದ ನಮಗೆ ಇದು ಬಹಳ ದೊಡ್ಡ ಮಾತೆನಿಸುತ್ತದೆ. ಜಮೀನ್ದಾರರ ಪಾತ್ರಗಳು ಮಾತ್ರ ತೀರ ಕಪ್ಪಾಗಿವೆ. ಅಲ್ಲಿ ಮಾಸ್ತಿಯವರ ಸಹನೆ ಇದ್ದಿದ್ದರೆ ಚೆನ್ನಾಗಿತ್ತು. ಪುಸ್ತಕ ಬಂದ ಮರುವರ್ಷವೇ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು. ಗಲ್ಲಿಗೇರಿದವರು ಬೇಡಿದ್ದು ಭೂಮಿ ಮತ್ತು ನ್ಯಾಯ. ಸರಕಾರಗಳು ಆಮೇಲೆ ಎಳೆದದ್ದು ಭಾಷೆಯ ಗೆರೆ.

ಇನ್ನು ಆ ಹುಡುಗನ ಪ್ರಶ್ನೆ. ಡಫಳೆ ಮನೆತನದ ಜತ್ತ ಸಂಸ್ಥಾನವು 1686ರಲ್ಲಿ ಬಿಜಾಪುರದ ಆದಿಲಶಾಹಿ ಮುಳುಗಿದಾಗಲೂ ಉಳಿಯಿತು. 1848ರಲ್ಲಿ ಸಾತಾರೆಯ ಗಾದಿ ಹೋದಾಗಲೂ ಉಳಿಯಿತು. ಅದು ಮುಗಿದದ್ದು 1948ರ ಮಾರ್ಚ್ 8ರಂದು, ಒಂದು ಸಹಿಯಿಂದ. ಅದೇ ದಿನ ಜಮಖಂಡಿ, ಮುಧೋಳ ಸಂಸ್ಥಾನಗಳೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅವೆರಡು ಬಿಜಾಪುರ ಜಿಲ್ಲೆಗೆ ಸೇರಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಜತ್ತವು ದಕ್ಷಿಣ ಸಾತಾರಾ ಜಿಲ್ಲೆಗೆ ಹೋಗಿ, 1960ರಲ್ಲಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಭಾಗವಾಯಿತು. ಬ್ರಿಟಿಷರ ಕಾಲದಲ್ಲಿ ಜತ್ತವನ್ನು ಬಿಜಾಪುರ ಏಜೆನ್ಸಿಯಲ್ಲಿಯೇ ಇರಿಸಿದ್ದರೆಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಒಂದು ಹನಿ ರಕ್ತ ಚೆಲ್ಲಲಿಲ್ಲ. ಅದು ಸಣ್ಣ ಭಾಗ್ಯವಲ್ಲ. ಆದರೂ ಬದಲಾವಣೆ ಆಯಿತು: ನಮ್ಮ ಸೊರಡಿಯಂಥ ಊರಿನಲ್ಲಿ ಮನೆಯಲ್ಲಿ ಕನ್ನಡ ಆಡುವ ರೈತನು ತಲಾಠಿಯಿಂದ ತರುವ ಸಾತಬಾರಾ ಉತಾರ ಮರಾಠಿಯಲ್ಲಿರುತ್ತದೆ, ಅದನ್ನು ಅಪ್ಪನಿಗೆ ಓದಿ ಹೇಳುವವನು ಮರಾಠಿ ಕಲಿತ ಮಗ.

ಈ ಬಗೆಯ ರಾಜ್ಯ ಬದಲಾವಣೆಗೆ ಮೇಲಿನ ಎರಡು ಕೃತಿಗಳಲ್ಲಿಯೂ ಜಾಗವಿಲ್ಲ. ಇಲ್ಲಿ ಪತನ ಹೊಂದುವ ಅರಸನೂ ಇಲ್ಲ, ಗಲ್ಲಿಗೇರುವ ವೀರನೂ ಇಲ್ಲ. ಆದರೆ 'ಜನರ ಇಚ್ಛೆ' ಎಂಬ ಫ್ರೇಜರನ ಮಾತು ಮಾತ್ರ ಇಲ್ಲಿಯೂ ಉಂಟು. ನೀರಿಲ್ಲದೆ ಬೇಸತ್ತ ಜತ್ತ ತಾಲೂಕಿನ ಹಳ್ಳಿಗಳು ಕರ್ನಾಟಕ ಸೇರುತ್ತೇವೆಂದು ಹಿಂದೆ ಮಾಡಿದ್ದ ನಿರ್ಣಯವು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ಮುಖಂಡರ ಬಾಯಲ್ಲಿ ಗಡಿಯ ವಾದವಾಗಿ ಗುಡುಗಿತು. ಹಳ್ಳಿಯವರು ಕೇಳಿದ್ದು ಕುಡಿಯಲು, ಬೆಳೆಯಲು ನೀರು. ಈ ಕಥೆಯನ್ನು ಬರೆಯುವವರಿಗೆ ಮಾಸ್ತಿಯವರ ತಾಳ್ಮೆಯೂ ಬೇಕು, ನಿರಂಜನರ ಕಿವಿಯೂ ಬೇಕು. ಮೇಲಾಗಿ ತಲಾಠಿಯ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತ ಅನುಭವವೂ ಬೇಕು.

ಎರಡೂ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ. ಆ ಹುಡುಗನಿಗೆ 'ಚಿರಸ್ಮರಣೆ'ಯನ್ನು ಕೊಟ್ಟಿದ್ದೇವೆ. ಅರ್ಧ ಓದಿದ್ದಾನಂತೆ. ಮಾಸ್ತಿಯವರದು ಅವನಿಗೆ ಇನ್ನೂ ನಾಲ್ಕು ವರ್ಷ ತಡೆಯಬಹುದು.