ಎರಡು ಬೀದಿಗೆ ಒಂದು ಬಾಗಿಲು

ಮುಂಬಯಿಯ ಇರಾನಿ ಹೋಟೆಲನ್ನು ಕಂಡವರಿಗೆ ಲಂಡನ್ನಿನ ವಿಕ್ಟೋರಿಯಾ ಕಾಲದ ಮೂಲೆ ಪಾನಗೃಹದ ನೆನಪಾಗುವುದು ಸಹಜ. ಬೀದಿಗಳು ಕೂಡುವ ಕೋನವನ್ನು ಕತ್ತರಿಸಿ ಇರಿಸಿದ ಬಾಗಿಲು, ಎತ್ತರದ ಚಾವಣಿ, ಗೋಡೆಯ ತುಂಬ ಕನ್ನಡಿ, ಒಳಹೊಕ್ಕೊಡನೆ ಎದುರಾಗುವ ಗಲ್ಲಾ: ಸಾಮ್ಯ ಸ್ಪಷ್ಟವಾಗಿಯೇ ಇದೆ. ಆದರೆ ಹೊರಮೈಯನ್ನು ನೋಡಿ ಒಳಗಿನ ವಿನ್ಯಾಸವನ್ನು ನಿರ್ಣಯಿಸಿದರೆ ಪ್ರಮಾದವಾದೀತು.

ಆ ಪಾನಗೃಹದ ವಾಸ್ತು ಮೂಲತಃ ವಿಭಜನೆಯ ವಾಸ್ತು. ಕೂಲಿಯವನಿಗೊಂದು ಕೋಣೆ, ಗುಮಾಸ್ತನಿಗೊಂದು, ಸಿರಿವಂತನಿಗೊಂದು. ಹಲವೆಡೆ ಬಾಗಿಲುಗಳೂ ಬೇರೆ. ಹೋಬರ್ನಿನ ಪ್ರಿನ್ಸೆಸ್ ಲೂಯಿಸ್‌ನಲ್ಲಿ 1891ರ ಒಳಾಂಗಣದ ಮರದ ಅಡ್ಡಗೋಡೆಗಳ ಕ್ರಮವನ್ನು ಇಂದಿಗೂ ಕಾಣಬಹುದು. ಕೆತ್ತನೆಯ ಗಾಜು ಬೆಳಕನ್ನು ಒಳಬಿಡುತ್ತದೆ, ನೋಟವನ್ನು ಬಿಡುವುದಿಲ್ಲ.

ಆಂಟಾಪ್ ಹಿಲ್‌ಗೆ ಪಶ್ಚಿಮದಲ್ಲಿ, ನಡೆದು ತಲಪುವಷ್ಟು ದೂರದಲ್ಲಿರುವ ಕಿಂಗ್ಸ್ ಸರ್ಕಲಿನಲ್ಲಿ 1932ರಲ್ಲಿ ಆರಂಭವಾದ ಕೂಲರ್ ಅಂಡ್ ಕಂಪನಿ ಬೇರೆಯೇ ಪಾಠ ಹೇಳುತ್ತದೆ. 1896ರ ಪ್ಲೇಗಿನ ತರುವಾಯ, 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್–ಮಾಟುಂಗಾದಲ್ಲಿ ಅಗಲವಾದ ಬೀದಿಗಳನ್ನು ಹಾಕಿತು. ಗಾಳಿಬೆಳಕಿಗಾಗಿ ಹಾಕಿದ ಆ ಬೀದಿಗಳು ಮೂಲೆಯ ಮಳಿಗೆಗೆ ಒಂದು ಘನತೆಯನ್ನು ತಂದುಕೊಟ್ಟವು. ಹಿಂದೂ ವರ್ತಕರು ಅಶುಭವೆಂದು ತೊರೆದುದರಿಂದ ಮೂಲೆಗಳು ಇರಾನಿಗಳ ಪಾಲಾದವೆಂಬ ಪ್ರತೀತಿಯುಂಟು. ಅದು ಜಾಗ ದೊರೆತ ಬಗೆಯನ್ನು ಹೇಳೀತೇ ಹೊರತು ಅದನ್ನು ಬಳಸಿಕೊಂಡ ಜಾಣ್ಮೆಯನ್ನಲ್ಲ. ಇರಾನಿ ಹೋಟೆಲು ಬೀದಿಗೆ ತೆರೆದುಕೊಂಡ ಒಂದೇ ಹಜಾರ. ಟ್ಯಾಕ್ಸಿ ಚಾಲಕನೂ ವಕೀಲನೂ ಅದೇ ಅಮೃತಶಿಲೆಯ ಮೇಜಿಗೆ ಕೂರುತ್ತಾರೆ. ಕೆಲವೆಡೆ ಸಂಸಾರಸ್ಥರಿಗೆಂದು ಮರೆಮಾಡಿದ ಕೋಣೆಯೂ ಇತ್ತೆಂಬುದನ್ನು ಮರೆಯಲಾಗದು. ಆದರೂ ಅದು ಅಪವಾದ, ನಿಯಮವಲ್ಲ.

ಉಡುಪಿ ಹೋಟೆಲಿನ ಬಗೆಗೆ ಕನ್ನಡಿಗರು ಬರೆಯುವಾಗ ಸಾರಿನ ರುಚಿಯನ್ನು ಹೊಗಳುತ್ತಾರೆ, ಕಟ್ಟಡವನ್ನು ಕಾಣುವುದಿಲ್ಲ. 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಆರಂಭವಾದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿಗೆ ಮೆಟ್ಟಿಲೇರಿ ಹೋಗಬೇಕು. ಅದು ಹಸಿದು, ಊಟವೆಂದು ನಿಶ್ಚಯಿಸಿ ಬಂದವನ ಮನೆ. ಮೂಲೆಯ ಹೋಟೆಲಾದರೋ ಸುಮ್ಮನೆ ಹಾದುಹೋಗುವವನದು. ಮನೆ ಬಿಟ್ಟು ಬಂದವನಿಗೆ ಎರಡೂ ಬೇಕಿದ್ದುವು.

2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮುಚ್ಚಯ ಓವಲ್ ಮೈದಾನದ ಆಸುಪಾಸಿನದು, ಮಾಟುಂಗಾ ಅದರಲ್ಲಿಲ್ಲ. ಈ ನಡುವೆ ನಗರದ ಹಲವು ಇರಾನಿ ಹೋಟೆಲುಗಳು ಬಿಯರ್ ಬಾರ್‌ಗಳಾಗಿವೆ. ಅಂಥಲ್ಲಿ ಮೊದಲು ಬರುವುದು ಕಪ್ಪು ಗಾಜು, ಆಮೇಲೆ ಅಡ್ಡಗೋಡೆ. ಲಂಡನ್ನಿನೊಡನೆ ಇಲ್ಲದಿದ್ದ ಹೋಲಿಕೆ ಹೀಗೆ ತಡವಾಗಿ ಕೈಗೂಡುತ್ತಿದೆ.